ನೂರು ವೋಲ್ಟಿನ ಆರ್ಕೇಡ್ ಯಂತ್ರ, ನಮ್ಮ ಮನೆಯ 230 ವೋಲ್ಟು: ನಡುವೆ ಕೂರುವ ಟ್ರಾನ್ಸ್‌ಫಾರ್ಮರ್

ಜಪಾನಿನಿಂದಲೋ ಅಮೆರಿಕದಿಂದಲೋ ಬಂದ ಹಳೇ ಆರ್ಕೇಡ್ ಕ್ಯಾಬಿನೆಟ್ಟಿನ (ನಾಣ್ಯ ಹಾಕಿ ಆಡುವ ವಿಡಿಯೊ ಗೇಮ್ ಪೆಟ್ಟಿಗೆಯ) ಹಿಂಬಾಗಿಲು ತೆಗೆದರೆ ಮೊದಲು ಕಣ್ಣಿಗೆ ಬೀಳುವುದು ಕಪ್ಪು, ಬಿಳಿ, ಹಸಿರು ಮೂರು ವೈರು. ಅಲ್ಲಿ ಕಪ್ಪು ಎಂದರೆ ಫೇಸ್, ಬಿಳಿ ಎಂದರೆ ನ್ಯೂಟ್ರಲ್. ನಮ್ಮ ಹಳೇ ಮನೆಗಳ ವೈರಿಂಗ್‌ನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಈಗಿನ ವೈರುಗಳಲ್ಲಾದರೆ ಕಂದು ಫೇಸ್, ನೀಲಿ ನ್ಯೂಟ್ರಲ್. ಹಸಿರೊಂದು ಮಾತ್ರ ಎಲ್ಲ ಕಡೆಯೂ ಅರ್ತ್. ಕರೆಸಿದ ಎಲೆಕ್ಟ್ರಿಷಿಯನ್ ರೂಢಿಯ ಮೇಲೆ ಕಪ್ಪಿಗೆ ಕಪ್ಪು ಸೇರಿಸಿದರೆ, ನಡುವೆ ಟ್ರಾನ್ಸ್‌ಫಾರ್ಮರ್ ಇದ್ದಲ್ಲಿ ಯಂತ್ರವೇನೋ ಓಡುತ್ತದೆ, ಆದರೆ ಒಳಗಿನ ಸ್ವಿಚ್ಚೂ ಫ್ಯೂಸೂ ನ್ಯೂಟ್ರಲ್ ಕಡೆಗೆ ಬೀಳುತ್ತವೆ. ಆಫ್ ಮಾಡಿದ ಮೇಲೂ ಒಳಗೆಲ್ಲ ಫೇಸ್ ಜೀವಂತವಾಗಿರುತ್ತದೆ. ಆದ್ದರಿಂದ ಬಣ್ಣ ನಂಬಬೇಡಿ, ಮೀಟರ್ ಹಿಡಿದು ನೋಡಿ, ಪ್ರತಿ ವೈರಿಗೂ ಚೀಟಿ ಅಂಟಿಸಿ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಅಲ್ಲಿನ ಚಪ್ಪಟೆ ಪಿನ್ನಿನ ಪ್ಲಗ್ಗು ನಮ್ಮ ಯೂನಿವರ್ಸಲ್ ಸಾಕೆಟ್ಟಿನೊಳಗೆ ಸಲೀಸಾಗಿ ಹೋಗುತ್ತದೆ. ಸ್ಟೆಪ್‌ಡೌನ್ ಡಬ್ಬಿಯನ್ನು (ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರನ್ನು) ಹೊರಗೆ ನೆಲದ ಮೇಲಿಟ್ಟರೆ, ಮನೆ ಗುಡಿಸುವಾಗ ಯಾರೋ ಕಿತ್ತು, ಆಮೇಲೆ ಪ್ಲಗ್ಗನ್ನು ನೇರವಾಗಿ ಗೋಡೆಗೆ ಚುಚ್ಚುವುದು ಇಂದಲ್ಲ ನಾಳೆ ಆಗಿಯೇ ಆಗುತ್ತದೆ. 100 ವೋಲ್ಟಿನ ಮಾನಿಟರಿಗೆ 230 ಹೋದರೆ ಫ್ಯೂಸ್ ಹಾರುವ ಮುಂಚೆಯೇ ಮುಖ್ಯ ಕೆಪಾಸಿಟರ್ ಉಬ್ಬಿ ಸಿಡಿದಿರುತ್ತದೆ. ಹಾಗಾಗಿ ಟ್ರಾನ್ಸ್‌ಫಾರ್ಮರ್ ಕ್ಯಾಬಿನೆಟ್ಟಿನ ಹೊಟ್ಟೆಯೊಳಗೇ ಇರಲಿ, ಹಳೇ ಪ್ಲಗ್ಗನ್ನು ಕತ್ತರಿಸಿ ತೆಗೆಯಿರಿ, ಹೊರಗೆ ಬರುವುದು ನಮ್ಮ ಮೂರು ಪಿನ್ನಿನ ಪ್ಲಗ್ ಒಂದೇ ಆಗಿರಲಿ. ಮೂಲ ರೂಪ ಕೆಡುತ್ತದೆ ಎಂದು ಕೊರಗುವವರು ಕತ್ತರಿಸಿದ ತುಂಡನ್ನು ಕವರಿಗೆ ಹಾಕಿ ಒಳಗೇ ಇಟ್ಟುಕೊಳ್ಳಲಿ.

ಮೊದಲು ಯಂತ್ರ ಏನು ಕೇಳುತ್ತದೆ ಎಂದು ತಿಳಿಯಬೇಕು. ಸೆಗಾದ ಅಸ್ಟ್ರೋ ಸಿಟಿ (1993), ಬ್ಲಾಸ್ಟ್ ಸಿಟಿ (1996) ತರಹದ ಜಪಾನಿ ಕ್ಯಾಬಿನೆಟ್‌ಗಳಿಗೆ 100 ವೋಲ್ಟ್. ಜಪಾನಿನಲ್ಲಿ ಟೋಕಿಯೊ ಕಡೆ 50 ಹರ್ಟ್ಜ್, ಒಸಾಕಾ ಕಡೆ 60. ಒಂದೇ ದೇಶದಲ್ಲಿ ಎರಡೂ ಇರುವುದರಿಂದ ಅಲ್ಲಿನ ಯಂತ್ರಗಳು ಸಾಮಾನ್ಯವಾಗಿ ಎರಡಕ್ಕೂ ಒಗ್ಗುತ್ತವೆ. ಅಮೆರಿಕದವು ಹಾಗಲ್ಲ, 120 ವೋಲ್ಟ್, 60 ಹರ್ಟ್ಜ್. ಸ್ಟೆಪ್‌ಡೌನ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ನಮ್ಮ 50 ಹರ್ಟ್ಜನ್ನು 60 ಮಾಡುವುದಿಲ್ಲ. 60ಕ್ಕೆ ಸುತ್ತಿದ ಹಳೇ ಕಬ್ಬಿಣದ ಟ್ರಾನ್ಸ್‌ಫಾರ್ಮರಿಗೆ 50 ಹರ್ಟ್ಜಿನಲ್ಲಿ ಅದೇ 120 ವೋಲ್ಟ್ ಕೊಟ್ಟರೆ ಅದರ ಕೋರಿನ, ಅಂದರೆ ಒಳಗಿನ ಕಬ್ಬಿಣದ, ಕಾಂತ ಫ್ಲಕ್ಸ್ ಶೇ. 20ರಷ್ಟು ಏರುತ್ತದೆ. ಅದು ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ. ಇಂಥ ಯಂತ್ರಕ್ಕೆ 120ರ ಬದಲು 110 ವೋಲ್ಟ್ ಕೊಡುವುದು ಒಳ್ಳೆಯದು, ಏರಿಕೆ ಶೇ. 10ಕ್ಕೆ ಇಳಿಯುತ್ತದೆ. ಆಟದ ಹೆಸರಿರುವ ಹಣೆಪಟ್ಟಿಯ ಹಿಂದಿನ ಟ್ಯೂಬ್‌ಲೈಟಿನ ಚೋಕ್ ಕೂಡ ಇದೇ ಕಾರಣಕ್ಕೆ ಸುಡುತ್ತದೆ. ಚೋಕ್ ಕಿತ್ತು ಎಲ್‌ಇಡಿ ಪಟ್ಟಿ ಹಾಕಿಬಿಡಿ, ಅದರ ಮೇಲೆ ಭಾವುಕತೆ ಬೇಡ.

ಕೆಲವು ಅಟಾರಿ ಕ್ಯಾಬಿನೆಟ್‌ಗಳಲ್ಲಿ ತಳದ ಪವರ್ ಬ್ರಿಕ್ಕಿನ ಮೇಲೆ ವೋಲ್ಟೇಜ್ ಆಯ್ಕೆಯ ಪ್ಲಗ್ ಇರುತ್ತದೆ, ಬೇರೆ ಬೇರೆ ವೋಲ್ಟೇಜಿಗೆ ಬೇರೆ ಬೇರೆ ಬಣ್ಣದ್ದು. ನಮ್ಮ ವೋಲ್ಟೇಜಿನ ಪ್ಲಗ್ ಸಿಕ್ಕರೆ ಸ್ಟೆಪ್‌ಡೌನಿನ ಮಾತೇ ಬೇಡ. ದುಡ್ಡು ಕೊಡುವ ಮುಂಚೆ ಅಲ್ಲೊಮ್ಮೆ ಬಗ್ಗಿ ನೋಡಿ.

ಈಗ ಮುಖ್ಯ ವಿಷಯ. ಅಂಗಡಿಯಲ್ಲಿ ‘ಸ್ಟೆಪ್‌ಡೌನ್ ಕನ್ವರ್ಟರ್’ ಎಂದು ಕೇಳಿದರೆ ಕೈಗೆ ಕೊಡುವುದು ಬಹುಪಾಲು ಆಟೋ ಟ್ರಾನ್ಸ್‌ಫಾರ್ಮರ್. ಒಂದೇ ಸುರುಳಿ, ನಡುವೆ 100 ವೋಲ್ಟಿಗೆ ಹೊರತೆಗೆದ ಒಂದು ತಂತಿ (ಟ್ಯಾಪ್), ಕೆಳತುದಿ ಒಳಬರುವುದಕ್ಕೂ ಹೊರಹೋಗುವುದಕ್ಕೂ ಹಂಚಿಕೆ. ಅಗ್ಗ, ಹಗುರ. ಆದರೆ ಗೋಡೆಯ ಸಾಕೆಟ್ಟಿನಲ್ಲಿ ಫೇಸ್‌–ನ್ಯೂಟ್ರಲ್ ಅದಲುಬದಲಾಗಿದ್ದರೆ, ನಮ್ಮಲ್ಲಿ ಅದೇನೂ ಅಪರೂಪವಲ್ಲ, ಏನಾಗುತ್ತದೆ ಲೆಕ್ಕ ಹಾಕಿ. ಕೆಳತುದಿ ಈಗ ಅರ್ತಿಗೆ 230 ವೋಲ್ಟ್ ಮೇಲಿದೆ. ಟ್ಯಾಪ್ ಅದಕ್ಕಿಂತ 100 ಕಡಿಮೆ, ಅಂದರೆ 130. ಮೀಟರನ್ನು ಎರಡು ಔಟ್‌ಪುಟ್ ತಂತಿಗಳ ನಡುವೆ ಇಟ್ಟರೆ ಚೆಂದಾಗಿ 100 ತೋರಿಸುತ್ತದೆ, ಆದರೆ ಎರಡರಲ್ಲಿ ಯಾವುದನ್ನು ಮುಟ್ಟಿದರೂ ಜೀವಕ್ಕೆ ಕುತ್ತು. ಕ್ಯಾಬಿನೆಟ್ಟಿನ ಲೈನ್ ಫಿಲ್ಟರಿನೊಳಗೆ ಎರಡೂ ತಂತಿಗಳಿಂದ ಲೋಹದ ಮೈಗೆ ಒಂದೊಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅರ್ತ್ ಇಲ್ಲದಿದ್ದರೆ ಮೈಯ ವೋಲ್ಟೇಜ್ ಎರಡರ ನಡುಮಧ್ಯಕ್ಕೆ ಬಂದು ನಿಲ್ಲುತ್ತದೆ. ಸರಿಯಾದ ಜೋಡಣೆಯಲ್ಲಿ 50 ವೋಲ್ಟ್, ಅದಲುಬದಲಾದಾಗ 180. ಕಾಯಿನ್ ಡೋರ್ (ನಾಣ್ಯ ಹಾಕುವ ಲೋಹದ ಬಾಗಿಲು) ಮುಟ್ಟಿದಾಗ ಬೆರಳು ಜುಂ ಎನ್ನುವುದು ಇದಕ್ಕೇ. ಪ್ರವಾಹ ಅಲ್ಪವಾದ್ದರಿಂದ ಬರೀ ಜುಂ ಎನ್ನುತ್ತದೆ, ಆದರೆ ಅರ್ತ್ ಇಲ್ಲ ಎಂದು ಯಂತ್ರವೇ ಬಾಯಿಬಿಟ್ಟು ಹೇಳುತ್ತಿದೆ ಎಂದುಕೊಳ್ಳಿ.

ಆಟೋದ ಇನ್ನೊಂದು ದುರ್ಗುಣ: ಟ್ಯಾಪಿನಿಂದ ಕೆಳಗಿನ ಸುರುಳಿ ಎಲ್ಲಾದರೂ ತುಂಡಾದರೆ ಮೇಲಿನ ಸುರುಳಿಯ ಮೂಲಕ ಪೂರ್ತಿ 230ರ ಹತ್ತಿರ ಯಂತ್ರಕ್ಕೆ ನುಗ್ಗುತ್ತದೆ. ಎರಡು ಪ್ರತ್ಯೇಕ ಸುರುಳಿಯ ಟ್ರಾನ್ಸ್‌ಫಾರ್ಮರಿನಲ್ಲಿ ಯಾವ ಸುರುಳಿ ತುಂಡಾದರೂ ಔಟ್‌ಪುಟ್ ಸೊನ್ನೆ. ನಾಲ್ಕು ಕಾಸು ಹೆಚ್ಚಾದರೂ ಎರಡು ಸುರುಳಿಯದನ್ನೇ ತನ್ನಿ. ಕೈಗೆ ಬಂದದ್ದು ಯಾವುದು ಎಂದು ತಿಳಿಯುವುದು ಸುಲಭ: ಪ್ಲಗ್ ಕಿತ್ತು, ಓಮ್ ಮೀಟರನ್ನು ಇನ್‌ಪುಟ್‌ನ ಒಂದು ಪಿನ್ನಿಗೂ ಔಟ್‌ಪುಟ್‌ನ ಒಂದು ಪಿನ್ನಿಗೂ ಹಿಡಿಯಿರಿ. ಕೆಲವೇ ಓಮ್ ತೋರಿಸಿದರೆ ಅದು ಆಟೋ. ನಾಲ್ಕು ಜೋಡಿಯಲ್ಲಿ ಎಲ್ಲೂ ಏನೂ ತೋರದಿದ್ದರೆ ಪ್ರತ್ಯೇಕ ಸುರುಳಿಯದು.

ಇಲ್ಲಿಗೆ ಐಸೊಲೇಷನ್, ಅಂದರೆ ಸುರುಳಿಗಳನ್ನು ಬೇರೆಯಾಗಿಡುವ ಪಾಠ ಮುಗಿಯಿತು ಎಂದುಕೊಂಡವರೇ ಹೆಚ್ಚಾಗಿ ಮಾನಿಟರ್ ಸುಡುವುದು. ವೆಲ್ಸ್ ಗಾರ್ಡ್ನರ್ ಕೆ4600, ಕೆ4900, ಕೆ7000, ಎಲೆಕ್ಟ್ರೋಹೋಮ್ ಜಿ07 ಮುಂತಾದ ಅಮೆರಿಕನ್ ಕ್ಯಾಬಿನೆಟ್ಟಿನ ಮಾನಿಟರ್‌ಗಳು ಒಳಬಂದ ಎಸಿಯನ್ನು ನೇರವಾಗಿ ಬ್ರಿಡ್ಜ್ ಡಯೋಡಿಗೆ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡಿನ ಜೋಡಣೆಗೆ) ಕೊಡುತ್ತವೆ. ಆ ಬ್ರಿಡ್ಜಿನ ಮೈನಸ್ಸೇ ಅವುಗಳ ಗ್ರೌಂಡ್. ಆ ಗ್ರೌಂಡ್ ವಿಡಿಯೊ ವೈರಿನ ಮೂಲಕ ಗೇಮ್ ಬೋರ್ಡಿಗೆ ಸೇರುತ್ತದೆ, ಗೇಮ್ ಬೋರ್ಡಿನ ಗ್ರೌಂಡ್ ಅರ್ತಿಗೆ ಸೇರುತ್ತದೆ. ಹೀಗಿರುವಾಗ ಮಾನಿಟರಿಗೆ ಬರುವ ಎಸಿಯ ಒಂದು ತುದಿಗೂ ಅರ್ತಿಗೂ ಸಂಬಂಧವಿದ್ದರೆ ಬ್ರಿಡ್ಜಿನ ಒಂದು ಡಯೋಡ್ ಮೂಲಕ ನೇರ ಶಾರ್ಟ್. ಫ್ಯೂಸ್, ಡಯೋಡ್, ಕೆಲವೊಮ್ಮೆ ಗೇಮ್ ಬೋರ್ಡಿನ ಗ್ರೌಂಡ್ ಪಟ್ಟಿ, ಎಲ್ಲವೂ ಒಂದೇ ಪಟಾಕಿಯಲ್ಲಿ ಹೋಗುತ್ತವೆ. ಅದಕ್ಕೇ ಇಂಥ ಕ್ಯಾಬಿನೆಟ್‌ಗಳಲ್ಲಿ ಮಾನಿಟರಿಗೆಂದೇ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಟ್ಟಿರುತ್ತಾರೆ. ಭಾರ ಎಂದೋ ಸುಟ್ಟಿತೆಂದೋ ಹಿಂದಿನವರು ಅದನ್ನು ಕಿತ್ತು ನೇರ ಜೋಡಿಸಿರುವುದೂ ಉಂಟು.

ನಿಮ್ಮ ಮಾನಿಟರ್ ಈ ಜಾತಿಯದೋ ಎಂದು ನೋಡುವ ಕ್ರಮ ಇದು. ಪವರ್ ಕಿತ್ತು ಅರ್ಧ ಗಂಟೆ ಬಿಡಿ. ಮುಖ್ಯ ಕೆಪಾಸಿಟರಿನ ಮೇಲೆ ಡಿಸಿ ವೋಲ್ಟೇಜ್ ಅಳೆದು ಅದು ಸೊನ್ನೆಯಾಗಿದೆ ಎಂದು ಖಚಿತಪಡಿಸಿಕೊಳ್ಳಿ. ಮಾನಿಟರಿನ ಎಸಿ ಮತ್ತು ವಿಡಿಯೊ ಕನೆಕ್ಟರ್ ಎರಡನ್ನೂ ಬಿಚ್ಚಿ. ಮೀಟರನ್ನು ಡಯೋಡ್ ಸ್ಥಾನಕ್ಕೆ ತಿರುಗಿಸಿ, ಕೆಂಪು ಮೊನೆಯನ್ನು ವಿಡಿಯೊ ಗ್ರೌಂಡಿಗೆ, ಕಪ್ಪನ್ನು ಎಸಿ ಪಿನ್ನುಗಳಿಗೆ ಒಂದೊಂದಾಗಿ ಹಿಡಿಯಿರಿ. 0.5–0.6 ತೋರಿಸಿದರೆ ಗ್ರೌಂಡ್ ‘ಬಿಸಿ’, ಅಂದರೆ ಒಳಬರುವ ಎಸಿಗೆ ಸೇರಿದ್ದು, ಐಸೊಲೇಷನ್ ಬೇಕೇ ಬೇಕು. ಒಂದು ಪಿನ್ನಿನಲ್ಲಿ ನೇರ ಸೊನ್ನೆ ಬಂದರಂತೂ ಹೇಳುವುದೇ ಬೇಡ. ಎರಡರಲ್ಲೂ ಏನೂ ತೋರದಿದ್ದರೆ ಆತುರಪಡಬೇಡಿ, ಮಾನಿಟರಿನ ಫ್ಯೂಸ್ ಹೋಗಿದ್ದರೂ ಹಾಗೇ ತೋರುತ್ತದೆ. ಫ್ಯೂಸ್ ದಾಟಿದ ಬಿಂದುವಿನಲ್ಲಿ ಇನ್ನೊಮ್ಮೆ ಅಳೆಯಿರಿ.

ಇದರ ಮೇಲೆ ದಾರಿ ಎರಡಾಗುತ್ತದೆ. ವೈರಿಂಗ್ ಮೂಲದಂತೇ ಇರುವ ಜಪಾನಿ ಕ್ಯಾಬಿನೆಟ್ಟಿಗೆ ಇಡೀ ಯಂತ್ರಕ್ಕೆ ಒಂದೇ ದೊಡ್ಡ ಸ್ಟೆಪ್‌ಡೌನ್ ಹಾಕುವುದು ನನಗೆ ಸರಿ ಅನ್ನಿಸುತ್ತದೆ. ಹತ್ತು ಕೈ ಬದಲಾಗಿ ಒಳಗೆಲ್ಲ ಬಾಲಂಗೋಚಿ ಕಟ್ಟಿಸಿಕೊಂಡಿರುವ ಅಮೆರಿಕನ್ ಕ್ಯಾಬಿನೆಟ್ಟಿಗಾದರೆ ದೊಡ್ಡದೇ ಬೇಡ. ಗೇಮ್ ಬೋರ್ಡಿಗೆ 230ರಲ್ಲಿ ಓಡುವ, ಅದಕ್ಕೆ ಬೇಕಾದ ಡಿಸಿ ಕೊಡುವ ಎಸ್‌ಎಂಪಿಎಸ್, ಬೆಳಕಿಗೆ 230ರ ಎಲ್‌ಇಡಿ, ಮಾನಿಟರಿಗೆ ಮಾತ್ರ 230ರಿಂದ 120 ವೋಲ್ಟಿಗೆ ಇಳಿಸುವ, 50 ಹರ್ಟ್ಜಿಗೆ ಸುತ್ತಿದ 200 ವಿಎ (ವೋಲ್ಟ್-ಆಂಪಿಯರ್) ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಈ ಎರಡನೆಯ ಬಗೆಯಲ್ಲಿ ಸೆಕೆಂಡರಿಯ (ಔಟ್‌ಪುಟ್ ಸುರುಳಿಯ) ಯಾವ ತುದಿಯನ್ನೂ ಅರ್ತಿಗೆ ಕಟ್ಟಬೇಡಿ, ಅದು ತೇಲುತ್ತಲೇ ಇರಬೇಕು. ಮುಂದೆ ಬರೆದಿರುವುದು ಮೊದಲನೆಯ ಬಗೆಗೆ.

ಅಳತೆ. 29 ಇಂಚಿನ ಪಿಕ್ಚರ್ ಟ್ಯೂಬ್, ಗೇಮ್ ಬೋರ್ಡ್, ಬೆಳಕು ಎಲ್ಲ ಸೇರಿ 150ರಿಂದ 200 ವ್ಯಾಟ್ ಎಂದು ಹಿಡಿಯಿರಿ. 250 ವಿಎ ಸಾಕಲ್ಲ ಎನ್ನಿಸುತ್ತದೆ. ಸಾಲದು. ಆನ್ ಮಾಡಿದ ಕ್ಷಣ ಡಿಗಾಸ್ ಕಾಯಿಲ್ (ಪಿಕ್ಚರ್ ಟ್ಯೂಬಿಗೆ ಅಂಟಿದ ಕಾಂತತೆ ಅಳಿಸುವ ಸುರುಳಿ) ಹಲವು ಆಂಪಿಯರ್ ಎಳೆಯುತ್ತದೆ, ಜತೆಗೆ ಖಾಲಿ ಕೆಪಾಸಿಟರ್‌ಗಳು ತುಂಬಿಕೊಳ್ಳುತ್ತವೆ. 500 ವಿಎ ಹಾಕಿದರೆ ನೆಮ್ಮದಿ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲೋ ನಿಮ್ಮೂರಿನ ವೈಂಡಿಂಗ್ ಅಂಗಡಿಯಲ್ಲೋ ಹೇಳಿ ಮಾಡಿಸುವುದಾದರೆ ಚೀಟಿಯಲ್ಲಿ ಹೀಗೆ ಬರೆದು ಕೊಡಿ:

ಪ್ರೈಮರಿ 0–230–240 ವೋಲ್ಟ್, 50 ಹರ್ಟ್ಜ್. ಸೆಕೆಂಡರಿ 0–100–110–120 ವೋಲ್ಟ್, 5 ಆಂಪಿಯರ್, ಪ್ರತ್ಯೇಕ ಸುರುಳಿ. ತಾಮ್ರದ ತಂತಿ ಮಾತ್ರ. ಎರಡು ಸುರುಳಿಗಳ ನಡುವೆ ತಾಮ್ರದ ಹಾಳೆಯ ಸ್ಕ್ರೀನ್, ಅದರ ವೈರ್ ಹೊರಗೆ. ಸುರುಳಿಯೊಳಗೆ 120 ಡಿಗ್ರಿಯ ಥರ್ಮಲ್ ಕಟ್‌ಔಟ್.

‘ತಾಮ್ರ ಮಾತ್ರ’ ಎಂದು ಬರೆಯದಿದ್ದರೆ ಅಲ್ಯೂಮಿನಿಯಂ ಸುತ್ತಿ ಕೊಡುವ ಸಾಧ್ಯತೆ ಇದ್ದೇ ಇದೆ. ಅದೇ ಗಾತ್ರದಲ್ಲಿ ಅದರ ರೋಧ ಹೆಚ್ಚು, ಲೋಡ್ ಬಿದ್ದಾಗ 100 ಇದ್ದದ್ದು 92ಕ್ಕೆ ಕುಸಿದು ಚಿತ್ರ ಕುಗ್ಗುತ್ತದೆ. ಎರಡು ಪ್ರೈಮರಿ ಟ್ಯಾಪ್ ಕೇಳುವುದಕ್ಕೂ ಕಾರಣವಿದೆ. ನಮ್ಮ ಸರಬರಾಜು 230ಕ್ಕೆ ಶೇ. 10 ಆಚೀಚೆ, ಅಂದರೆ 207ರಿಂದ 253ರವರೆಗೆ ಓಡಾಡಬಹುದು. ರಾತ್ರಿ ಹೊತ್ತು 245 ಬರುವ ಬಡಾವಣೆಯಲ್ಲಿ 240ರ ಟ್ಯಾಪಿಗೆ ಹಾಕಿಕೊಳ್ಳಬೇಕು. ಎರಡು ಮೂರು ದಿನ ಬೆಳಿಗ್ಗೆ, ಸಂಜೆ, ರಾತ್ರಿ ಮೀಟರ್ ಹಿಡಿದು ಬರೆದಿಟ್ಟುಕೊಂಡು ನಿರ್ಧರಿಸಿ.

ಆಕಾರದಲ್ಲಿ ಎರಡು ಬಗೆ: ಚೌಕದ ಇಐ ಕೋರ್, ಚಕ್ಕುಲಿಯಂತೆ ಗುಂಡಗಿನ ಟೊರಾಯ್ಡ್. ಟೊರಾಯ್ಡ್ ಹಗುರ, ಸದ್ದು ಕಡಿಮೆ, ಸುತ್ತಲಿಗೆ ಸೋರುವ ಕಾಂತಕ್ಷೇತ್ರವೂ ಕಡಿಮೆ. ಇಐ ಒರಟು, ಆದರೆ ಆನ್ ಮಾಡಿದಾಗ ಟೊರಾಯ್ಡಿನಷ್ಟು ಪ್ರವಾಹ ಎಗರುವುದಿಲ್ಲ. ಟೊರಾಯ್ಡ್ ಕೂರಿಸುವಾಗ ಒಂದು ತಪ್ಪು ಮಾತ್ರ ಕ್ಷಮೆಯಿಲ್ಲದ್ದು. ಅದರ ನಡುವಿನ ತೂತಿನ ಮೂಲಕ ಹೋಗುವ ಬೋಲ್ಟಿನ ಕೆಳತುದಿ ಲೋಹದ ತಟ್ಟೆಗೆ ತಾಗಿ, ಮೇಲ್ತುದಿಯೂ ಅದೇ ತಟ್ಟೆಗೆ ಸೇರಿದ ಯಾವುದೋ ಲೋಹದ ಪಟ್ಟಿಗೆ ತಾಗಿತೆಂದರೆ, ಬೋಲ್ಟು, ಪಟ್ಟಿ, ತಟ್ಟೆ ಸೇರಿ ಕೋರಿನ ಸುತ್ತ ಒಂದು ಪೂರ್ಣ ಸುತ್ತಾಗುತ್ತದೆ. ಶಾರ್ಟ್ ಆದ ಒಂದೇ ಸುತ್ತಿನ ಸೆಕೆಂಡರಿ ಎಂದರೆ ಅದೇ. ಅದರಲ್ಲಿ ನೂರಾರು ಆಂಪಿಯರ್ ಹರಿಯಬಲ್ಲದು, ಫ್ಯೂಸ್ ಹಾರದಿದ್ದರೆ ನಿಮಿಷಗಳಲ್ಲಿ ಹೊಗೆ. ಬೋಲ್ಟಿನ ಮೇಲ್ತುದಿ ಗಾಳಿಯಲ್ಲೇ ಇರಲಿ. ಮೇಲೆ ಕೆಳಗೆ ರಬ್ಬರ್ ಬಿಲ್ಲೆ ಇಟ್ಟು, ಬಿಲ್ಲೆ ತುಸು ಒತ್ತುವಷ್ಟು ಮಾತ್ರ ಬಿಗಿಯಿರಿ.

ಜಾಗ: ಕ್ಯಾಬಿನೆಟ್ಟಿನ ತಳ, ಪಿಕ್ಚರ್ ಟ್ಯೂಬಿನ ಕತ್ತಿನಿಂದ ಆದಷ್ಟು ದೂರ. ಹತ್ತಿರವಿಟ್ಟರೆ ಸೋರುವ 50 ಹರ್ಟ್ಜ್ ಕ್ಷೇತ್ರ ಎಲೆಕ್ಟ್ರಾನ್ ಕಿರಣವನ್ನು ಎಳೆದಾಡುತ್ತದೆ. ಆಟದ ಚಿತ್ರ ಸೆಕೆಂಡಿಗೆ ಸುಮಾರು 60 ಸಲ ಹೊಸದಾಗುತ್ತದೆ. 60ಕ್ಕೂ 50ಕ್ಕೂ ಇರುವ ವ್ಯತ್ಯಾಸ 10. ಹಾಗಾಗಿ ಚಿತ್ರದ ಅಂಚುಗಳು ಸೆಕೆಂಡಿಗೆ ಹತ್ತು ಸಲ ನಡುಗುತ್ತವೆ, ನೀರಿನಡಿಯ ಚಿತ್ರದಂತೆ. ಹೀಗಾದರೆ ಮಾನಿಟರಿನ ಕೆಪಾಸಿಟರ್ ಬದಲಿಸಲು ಹೊರಡುವ ಮುಂಚೆ ಟ್ರಾನ್ಸ್‌ಫಾರ್ಮರನ್ನು ಒಂದಡಿ ಜರುಗಿಸಿ, ಇಲ್ಲವೇ ಕಾಲುಭಾಗ ತಿರುಗಿಸಿ ನೋಡಿ.

ವೈರಿಂಗ್‌ಗೆ ಬರೋಣ. ಗೋಡೆಯಿಂದ 3 ಕೋರಿನ 1.5 ಸ್ಕ್ವೇರ್ ಎಂಎಂ ಕೇಬಲ್, 500 ವಿಎಗೆ 230ರಲ್ಲಿ 2.2 ಆಂಪಿಯರ್ ಆದ್ದರಿಂದ 6 ಆಂಪಿಯರ್ ಪ್ಲಗ್ ಸಾಕು. ಒಳಬರುವಲ್ಲಿ ಕೇಬಲ್ ಗ್ಲ್ಯಾಂಡ್, ಎಳೆದರೆ ಜಗ್ಗಬಾರದು. ಮೊದಲು ಅರ್ತ್: ಹಸಿರು ವೈರಿಗೆ ರಿಂಗ್ ಲಗ್ ಕ್ರಿಂಪ್ ಮಾಡಿ, ಬಣ್ಣ ಕೆರೆದ ಲೋಹಕ್ಕೆ ನಕ್ಷತ್ರ ವಾಷರ್ ಹಾಕಿ ಬಿಗಿಯಿರಿ. ಈ ವೈರ್ ಉಳಿದೆರಡಕ್ಕಿಂತ ತುಸು ಉದ್ದವಿರಲಿ, ಕೇಬಲ್ ಕಿತ್ತುಬಂದರೂ ಕೊನೆಗೆ ಕಳಚುವುದು ಅರ್ತೇ ಆಗಿರಬೇಕು. ಅದೇ ಬೋಲ್ಟಿನಿಂದ ಟ್ರಾನ್ಸ್‌ಫಾರ್ಮರ್ ಸ್ಕ್ರೀನ್, ಮಾನಿಟರ್ ಚೌಕಟ್ಟು, ಕಂಟ್ರೋಲ್ ಪ್ಯಾನೆಲ್, ಕಾಯಿನ್ ಡೋರ್‌ಗಳಿಗೆ ಒಂದೊಂದು ವೈರ್. ಕಾಯಿನ್ ಡೋರಿಗೆ ಹೆಣೆದ ತಾಮ್ರದ ಪಟ್ಟಿ ಹಾಕಿ, ಬಾಗಿಲ ಕೀಲನ್ನು ಅರ್ತ್ ಎಂದು ನಂಬಬಾರದು.

ಫೇಸ್ ಮೊದಲು ಫ್ಯೂಸಿಗೆ, ಅಲ್ಲಿಂದ ಎರಡು ಪೋಲಿನ ಸ್ವಿಚ್ಚಿಗೆ. ನ್ಯೂಟ್ರಲ್ ಸ್ವಿಚ್ಚಿನ ಇನ್ನೊಂದು ಪೋಲಿಗೆ. ಫ್ಯೂಸ್ 3.15 ಆಂಪಿಯರ್, ನಿಧಾನದ ಬಗೆ, ಮೇಲೆ ‘ಟಿ’ ಎಂದು ಅಚ್ಚಾಗಿರುತ್ತದೆ. ವೇಗದ ಫ್ಯೂಸ್ ಹಾಕಿದರೆ ಆನ್ ಮಾಡಿದಾಗಲೆಲ್ಲ ಹಾರಿ, ಕೊನೆಗೆ ಯಾರೋ ತಂತಿ ಸುತ್ತಿಬಿಡುತ್ತಾರೆ. ಸ್ವಿಚ್ ಪ್ರೈಮರಿ ಕಡೆಗೇ ಇರಬೇಕು, ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಹಗಲೂ ರಾತ್ರಿ ಸುಮ್ಮನೆ ಬಿಸಿಯಾಗುತ್ತಾ ಕೂರುತ್ತದೆ. ಟೊರಾಯ್ಡ್ ಆದರೆ ಫೇಸಿನ ಸಾಲಿನಲ್ಲಿ 10 ಓಮಿನ, 20 ಮಿಮೀ ಬಿಲ್ಲೆಯ, ತಣ್ಣಗಿದ್ದಾಗ ಮೊದಲ ಎಗರಾಟ ತಡೆದು ಬಿಸಿಯಾದ ಮೇಲೆ ಪ್ರವಾಹ ಬಿಡುವ, ಎನ್‌ಟಿಸಿ ಒಂದು. ಓಡುವಾಗ ಅದು ಮುಟ್ಟಲಾಗದಷ್ಟು ಕಾಯುತ್ತದೆ, ಮರದಿಂದಲೂ ವೈರಿನ ಸಿಪ್ಪೆಯಿಂದಲೂ ದೂರವಿಡಿ. ಆರಿಸಿ ತಕ್ಷಣ ಹಾಕಿದರೆ ಅದಿನ್ನೂ ಬಿಸಿಯಾಗಿದ್ದು ಕೆಲಸ ಮಾಡುವುದಿಲ್ಲ, ಒಂದೆರಡು ನಿಮಿಷ ಕಾಯಬೇಕು.

ಸೆಕೆಂಡರಿಯ 100ರ ಟ್ಯಾಪ್ ಇನ್ನೊಂದು 5 ಆಂಪಿಯರ್ ‘ಟಿ’ ಫ್ಯೂಸ್ ದಾಟಿ ಕ್ಯಾಬಿನೆಟ್ಟಿನ ಕಪ್ಪು ವೈರಿಗೆ. ಸೊನ್ನೆಯ ತುದಿ ಬಿಳಿಗೆ. ಬಳಸದ ಟ್ಯಾಪುಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಹೀಟ್‌ಶ್ರಿಂಕ್ ಹಾಕಿ ಮಡಚಿ ಕಟ್ಟಿ. ಇನ್ನು ಸೊನ್ನೆಯ ತುದಿಯಿಂದ ಅರ್ತ್ ಬೋಲ್ಟಿಗೆ ಒಂದು ಕೊಂಡಿ, ಒಂದೇ ಒಂದು ಕಡೆ. ಐಸೊಲೇಷನ್ ಇಷ್ಟು ದುಡ್ಡು ಕೊಟ್ಟು ತಂದು ಮತ್ತೆ ಅರ್ತಿಗೆ ಕಟ್ಟುವುದೇಕೆ? ಏಕೆಂದರೆ ಕಟ್ಟದಿದ್ದರೆ, 100 ವೋಲ್ಟಿನ ವೈರ್ ಸವೆದು ಕಾಯಿನ್ ಡೋರಿಗೆ ತಾಗಿದರೂ ಯಾವ ಫ್ಯೂಸೂ ಹಾರುವುದಿಲ್ಲ, ಪ್ರವಾಹಕ್ಕೆ ಮರಳುವ ದಾರಿಯೇ ಇರುವುದಿಲ್ಲ. ದೋಷ ಅಡಗಿ ಕೂತು ಎರಡನೆಯ ದೋಷಕ್ಕೆ ಕಾಯುತ್ತದೆ. ಕಟ್ಟಿದ್ದರೆ ಮೊದಲ ದೋಷಕ್ಕೇ 5 ಆಂಪಿಯರ್ ಫ್ಯೂಸ್ ಹಾರುತ್ತದೆ. ಸೋರಿಕೆ ಕಂಡರೆ ಕರೆಂಟ್ ಕಡಿಯುವ ಮನೆಯ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದನ್ನು ನೋಡಿಕೊಳ್ಳುತ್ತದೆ ಎಂದುಕೊಳ್ಳಬೇಡಿ. ಅದು ಪ್ರೈಮರಿ ಕಡೆಯ ಸೋರಿಕೆಯನ್ನು ಮಾತ್ರ ಕಾಣುತ್ತದೆ, ಟ್ರಾನ್ಸ್‌ಫಾರ್ಮರಿನ ಆಚೆ ಅದಕ್ಕೆ ಕಣ್ಣಿಲ್ಲ. ಆದರೆ ನೆನಪಿರಲಿ, ಮಾನಿಟರ್ ಬಿಸಿ ಗ್ರೌಂಡಿನದಾಗಿದ್ದು ಅದರ ಸ್ವಂತ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಜಾಗದಲ್ಲಿಲ್ಲ ಎಂದರೆ ಈ ಕೊಂಡಿ ಹಾಕಿದ ಕ್ಷಣವೇ ಆ ಪಟಾಕಿ.

ಸ್ಕ್ರೂ ಟರ್ಮಿನಲ್ಲಿಗೆ ಹೋಗುವ ವೈರಿನ ತುದಿಗೆ ಬೆಸುಗೆ ಸವರಬೇಡಿ. ಒತ್ತಡಕ್ಕೆ ಸೀಸ ನಿಧಾನವಾಗಿ ಜರುಗಿ ಆರು ತಿಂಗಳಲ್ಲಿ ಸ್ಕ್ರೂ ಸಡಿಲವಾಗುತ್ತದೆ, ಆಮೇಲೆ ಅಲ್ಲೇ ಕರಕು. ಫೆರೂಲ್ (ತುದಿಗೆ ತೊಡಿಸುವ ಲೋಹದ ಕೊಳವೆ) ಹಾಕಿ ಕ್ರಿಂಪ್ ಮಾಡಿ.

ಕ್ಯಾಬಿನೆಟ್ಟಿನಲ್ಲಿ 115/230 ಜಾರು ಸ್ವಿಚ್ಚಿರುವ ಎಸ್‌ಎಂಪಿಎಸ್ ಇದ್ದರೆ ಅದು 115ರಲ್ಲೇ ಇರಬೇಕು, ಏಕೆಂದರೆ ಅದಕ್ಕೀಗ ಸಿಗುವುದು 100. ತಪ್ಪಿ 230ಕ್ಕೆ ಇಟ್ಟರೆ ಸ್ಟಾರ್ಟ್ ಆಗುವುದಿಲ್ಲ, ಅಷ್ಟೇ, ಹಾನಿಯಿಲ್ಲ. ಇದರ ತಿರುವುಮುರುವು ಅಪಾಯ. 115ರಲ್ಲಿ ಆ ಸ್ವಿಚ್ ವೋಲ್ಟೇಜನ್ನು ಇಮ್ಮಡಿಸುವ ಜೋಡಣೆ ಮಾಡುತ್ತದೆ, ಆಗ 230 ಕೊಟ್ಟರೆ ಒಳಗೆ ಸುಮಾರು 650 ವೋಲ್ಟ್ ಡಿಸಿ. ಅಲ್ಲಿರುವ ಎರಡು ಕೆಪಾಸಿಟರ್ ತಲಾ 200 ವೋಲ್ಟಿನವು.

ಮೊದಲ ಸಲ ಪವರ್ ಕೊಡುವ ಮುನ್ನ ಪ್ಲಗ್ಗಿನ ದಪ್ಪ ಪಿನ್ನಿಗೂ ಕಾಯಿನ್ ಡೋರಿಗೂ ಓಮ್ ನೋಡಿ, ಅರ್ಧ ಓಮಿಗಿಂತ ಕಡಿಮೆ ಬರಬೇಕು. 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಸಿಕ್ಕರೆ ಟ್ರಾನ್ಸ್‌ಫಾರ್ಮರನ್ನು ಮಾತ್ರ, ಎಲ್ಲ ವೈರ್ ಬಿಚ್ಚಿ, ಪ್ರೈಮರಿ–ಸೆಕೆಂಡರಿ ಮತ್ತು ಪ್ರೈಮರಿ–ಕೋರ್ ನಡುವೆ ಅಳೆಯಿರಿ. ಹೊಸದಕ್ಕೆ 100 ಮೆಗಓಮಿನ ಮೇಲೆ ಬರಬೇಕು. ಗೇಮ್ ಬೋರ್ಡ್, ಮಾನಿಟರ್ ಸೇರಿದ್ದಾಗ ಮೆಗ್ಗರ್ ಹಚ್ಚಿದರೆ ಅವುಗಳ ಕಥೆ ಮುಗಿಯಿತು. ಆಮೇಲೆ ಫೇಸಿನ ಸಾಲಿನಲ್ಲಿ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಸೀರೀಸ್ ಹಾಕಿ, ಸೆಕೆಂಡರಿ ಖಾಲಿ ಬಿಟ್ಟು ಸ್ವಿಚ್ ಒತ್ತಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಅಥವಾ ಆರಿದರೆ ಸರಿ. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್. ಬಲ್ಬ್ ತೆಗೆದು ನೇರ ಕೊಟ್ಟು ಸೆಕೆಂಡರಿ ಅಳೆಯಿರಿ, ಖಾಲಿ ಇದ್ದಾಗ 103–106 ಬರುವುದು ಸಹಜ. ಯಂತ್ರ ಸೇರಿಸಿದ ಮೇಲೆ 97–103ರೊಳಗೆ ನಿಲ್ಲಬೇಕು. ಗೇಮ್ ಬೋರ್ಡಿನ 5 ವೋಲ್ಟನ್ನು ಪವರ್ ಸಪ್ಲೈ ಬಳಿಯಲ್ಲ, ಬೋರ್ಡಿನ ಮೇಲೆಯೇ ಅಳೆದು 5.00–5.10ಕ್ಕೆ ಹೊಂದಿಸಿ. 1985ರಿಂದೀಚಿನ ಜಮ್ಮಾ (ಗೇಮ್ ಬೋರ್ಡ್ ಜೋಡಿಸುವ ಸಾಮಾನ್ಯ ಮಾದರಿಯ) ಕನೆಕ್ಟರಾದರೆ 3, 4ನೇ ಪಿನ್ನುಗಳಲ್ಲಿ ಅದು ಸಿಗುತ್ತದೆ.

ಒಂದು ಗಂಟೆ ಓಡಿಸಿ ಆರಿಸಿ, ಪ್ಲಗ್ ಕಿತ್ತು, ಟ್ರಾನ್ಸ್‌ಫಾರ್ಮರಿನ ಮೇಲೆ ಅಂಗೈ ಇಡಿ. ಹತ್ತು ಎಣಿಸುವವರೆಗೆ ಇಡಲಾದರೆ ಚಿಂತೆಯಿಲ್ಲ. ಟರ್ಮಿನಲ್‌ಗಳನ್ನು ಆಗಲೇ ಇನ್ನೊಮ್ಮೆ ಬಿಗಿಯಿರಿ, ಮೊದಲ ಬಿಸಿಗೆ ಒಂದೆರಡಾದರೂ ಸಡಿಲಾಗಿರುತ್ತವೆ. ಆನ್ ಮಾಡಿದಾಗ ಮನೆಯ ಎಂಸಿಬಿ ಆಗೊಮ್ಮೆ ಈಗೊಮ್ಮೆ ಬಿದ್ದರೆ ದೋಷ ಯಂತ್ರದ್ದಲ್ಲ, ಟೊರಾಯ್ಡಿನ ಮೊದಲ ಎಗರಾಟದ್ದು. ಎನ್‌ಟಿಸಿ ಇದ್ದೂ ಹಾಗಾದರೆ ಮೊದಲ ಎಗರಾಟ ತಾಳುವ ‘ಸಿ’ ಕರ್ವ್ ಎಂಸಿಬಿ ಇರುವ 16 ಆಂಪಿಯರ್ ಸಾಲಿಗೆ ಬದಲಿಸಿ.

ಆ ಸಾಲು ಇನ್ವರ್ಟರಿನದಾಗಿರಬಾರದು. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ ತೆಗೆದುಕೊಂಡಿತೆಂದರೆ ಟ್ರಾನ್ಸ್‌ಫಾರ್ಮರ್ ಜೇನುಗೂಡಿನಂತೆ ಗುಂಯ್‌ಗುಡಲು ಶುರುಮಾಡುತ್ತದೆ, ಬದಲಾವಣೆಯ ಆ ಕ್ಷಣದಲ್ಲಿ ಮಾನಿಟರಿಗೂ ಗೇಮ್ ಬೋರ್ಡಿಗೂ ಒಂದು ಜಟ್ಕಾ. ಸ್ಟೆಬಿಲೈಸರ್ ಬೇಕೇ ಬೇಕಾದ ಊರಿನಲ್ಲಿ ಅದು ಟ್ರಾನ್ಸ್‌ಫಾರ್ಮರಿನ ಮುಂಚೆ, 230ರ ಕಡೆ ಇರಲಿ. ಹೈ ವೋಲ್ಟೇಜ್ ಕಟ್‌ಆಫ್ ಇರುವುದನ್ನೇ ತನ್ನಿ. ಕಂಬದಲ್ಲಿ ನ್ಯೂಟ್ರಲ್ ಕಳಚಿ ಮನೆಗೆ 350 ಬಂದರೆ ನಿಮ್ಮ ಸೆಕೆಂಡರಿಯಲ್ಲೂ ಅದೇ ಲೆಕ್ಕದಲ್ಲಿ 150 ಆಗುತ್ತದೆ. ಹಿಂಬಾಗಿಲ ಒಳಮೈ ಮೇಲೆ ಯಾವ ಟ್ಯಾಪ್, ಯಾವ ಫ್ಯೂಸ್, ಅರ್ತ್ ಕೊಂಡಿ ಎಲ್ಲಿ ಎಂದು ಬರೆದ ಹಾಳೆ ಅಂಟಿಸಿ, ಕನ್ನಡದಲ್ಲೇ ಬರೆಯಿರಿ; ಮುಂದೆ ಅದನ್ನು ಬಿಚ್ಚಲು ಬರುವವರು ಓದುವುದು ಅದನ್ನೇ.